ಮನದ ಗಾಯಕ್ಕೆ ಚಿಕಿತ್ಸೆ: ಹೊಸ್ತಿಲು ದಾಟುವ ಮುನ್ನ

ಒಬ್ಬ ತಾಯಿಯನ್ನು ಕಲ್ಪಿಸಿಕೊಳ್ಳೋಣ. ಹೆದ್ದಾರಿಯ ಅಪಘಾತದಲ್ಲಿ ಆಕೆಯ ಮಗ ತೀರಿಕೊಂಡ. ಅದೇ ಕಾರಿನಲ್ಲಿದ್ದ ಆಕೆ ಉಳಿದಳು. ಮುರಿದ ಕಾಲಿನ ಮೂಳೆ ಕೆಲವು ತಿಂಗಳಲ್ಲಿ ಕೂಡಿಕೊಂಡಿತು. ಆದರೆ ಎರಡು ವರ್ಷ ಕಳೆದರೂ ಲಾರಿಯ ಹಾರನ್ ಕೇಳಿದೊಡನೆ ಮೈ ಬೆವರುತ್ತದೆ. ನಡುರಾತ್ರಿ ಚೀರಿ ಎಚ್ಚರಗೊಳ್ಳುತ್ತಾಳೆ. ‘ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ’ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಕೊನೆಗೆ ಬಂಧುಗಳೊಬ್ಬರು ನಗರದ ಖಾಸಗಿ ಚಿಕಿತ್ಸಕರಲ್ಲಿಗೆ ಕರೆದೊಯ್ಯುತ್ತಾರೆ. ಮೊದಲ ದಿನವೇ ಎಲ್ಲವನ್ನೂ ಹೇಳಿ ಅತ್ತು ಬಂದ ಆಕೆಗೆ ಆ ವಾರವೆಲ್ಲ ನಿದ್ದೆಯಿಲ್ಲ. ‘ಇದು ನನ್ನಿಂದಾಗದು’ ಎಂದು ಮತ್ತೆ ಅತ್ತ ಸುಳಿಯುವುದೇ ಇಲ್ಲ.

ಗುಣ ಹೊಂದಬಹುದಾದವರು ಹೀಗೆ ಬಾಗಿಲಿನಿಂದಲೇ ಹಿಂದಿರುಗುವುದು ದುಃಖದ ಸಂಗತಿ. ಒಳಗೆ ಅಡಿಯಿಡುವ ಮುನ್ನ ಕೆಲವು ಮಾತುಗಳನ್ನು ಅರಿತಿದ್ದರೆ ಇದನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಆತುರ ಸಲ್ಲದು

ಅಪಘಾತ, ಹಲ್ಲೆ, ಅತ್ಯಾಚಾರ, ನೆರೆ, ಬೆಂಕಿ ಮುಂತಾದವು ಮನಸ್ಸಿನಲ್ಲಿ ಉಳಿಸುವ ಈ ಬಗೆಯ ನೋವನ್ನು ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲಿ ಪ್ರತ್ಯೇಕ ಕಾಯಿಲೆಯೆಂದು ತನ್ನ ಕೈಪಿಡಿಯಲ್ಲಿ ಸೇರಿಸಿತು. ಸಾಮಾನ್ಯ ನೆನಪು ‘ಆಗಿಹೋದದ್ದು’ ಎಂಬ ಭಾವದೊಡನೆ ಬರುತ್ತದೆ. ಆಘಾತದ ನೆನಪಾದರೋ ಈಗಲೇ ನಡೆಯುತ್ತಿರುವಂತೆ ಎರಗುತ್ತದೆ. ನೆನಪನ್ನು ಅಳಿಸುವುದು ಚಿಕಿತ್ಸೆಯ ಗುರಿಯಲ್ಲ. ಅದು ಕಳೆದ ಕಾಲಕ್ಕೆ ಸೇರಿದ್ದೆಂದು ಮನಸ್ಸಿಗೂ ದೇಹಕ್ಕೂ ಮನವರಿಕೆ ಮಾಡಿಕೊಡುವುದೇ ಗುರಿ.

ಮನೋವೈದ್ಯೆ ಜೂಡಿತ್ ಹರ್ಮನ್ ಅವರು 1992ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಚೇತರಿಕೆಗೆ ಮೂರು ಹಂತಗಳನ್ನು ಹೇಳಿದ್ದಾರೆ: ಸುರಕ್ಷತೆ, ಸ್ಮರಣೆ ಮತ್ತು ಶೋಕ, ಅನಂತರ ಬದುಕಿನೊಡನೆ ಮರುಸಂಬಂಧ. ಸುರಕ್ಷತೆಯೇ ಮೊದಲು ಎಂಬುದನ್ನು ಗಮನಿಸಬೇಕು. ಉಸಿರಾಟವನ್ನು ನಿಧಾನಿಸುವುದು, ಗಾಬರಿಯಾದಾಗ ಸುತ್ತಲಿನ ವಸ್ತುಗಳನ್ನು ಮುಟ್ಟಿ ನೋಡಿ ಈ ಕ್ಷಣಕ್ಕೆ ಮರಳುವುದು, ನಿದ್ದೆಯನ್ನು ಸರಿಪಡಿಸಿಕೊಳ್ಳುವುದು ಇವೆಲ್ಲ ಪೂರ್ವಸಿದ್ಧತೆಗಳು. ಕೆಲವರಿಗೆ ಒಂದೆರಡು ಭೇಟಿಗಳು ಸಾಕು, ಕೆಲವರಿಗೆ ತಿಂಗಳುಗಳೇ ಬೇಕು. ಹಿಂಸೆ ಮನೆಯಲ್ಲಿ ಇನ್ನೂ ನಡೆಯುತ್ತಿದ್ದರೆ ಅದರಿಂದ ಪಾರಾಗುವುದೇ ಮೊದಲ ಕೆಲಸ. ಆದ್ದರಿಂದ ಮೊದಲ ದಿನವೇ ಎಲ್ಲವನ್ನೂ ಹೇಳಬೇಕೆಂಬ ಕಡ್ಡಾಯವಿಲ್ಲ. ‘ಇಂದು ಇಷ್ಟು ಸಾಕು’ ಎನ್ನುವ ಅಧಿಕಾರ ಸದಾ ತಮ್ಮದು.

ಯಾರ ಬಳಿಗೆ ಹೋಗಬೇಕು?

ಮನೋವೈದ್ಯರು ಔಷಧ ಬರೆದುಕೊಡಬಲ್ಲ ವೈದ್ಯರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಪುಸ್ತಕದಲ್ಲಿರಬೇಕು. ‘ಆಪ್ತಸಲಹೆಗಾರರು’ ಎಂಬ ಫಲಕ ಹಾಕಿಕೊಂಡವರೆಲ್ಲ ಒಂದೇ ಮಟ್ಟದ ತರಬೇತಿ ಪಡೆದವರಲ್ಲ. ಶಿಕ್ಷಣವೇನು, ಆಘಾತ ಚಿಕಿತ್ಸೆಯಲ್ಲಿ ವಿಶೇಷ ತರಬೇತಿ ಪಡೆದಿದ್ದೀರಾ, ಯಾವ ಪದ್ಧತಿ ಅನುಸರಿಸುವಿರಿ ಎಂದು ಕೇಳಲು ಸಂಕೋಚ ಬೇಡ. ಯೋಗ್ಯರು ಇದಕ್ಕೆ ಬೇಸರಿಸುವುದಿಲ್ಲ. ತಮ್ಮ ಭಾಷೆಯಲ್ಲಿ ಮಾತನಾಡಬಲ್ಲವರೇ ಎಂಬುದೂ ಮುಖ್ಯ. ಕಣ್ಣೀರಿನ ಮಾತು ತಾಯ್ನುಡಿಯಲ್ಲೇ ಬರುತ್ತದೆ.

ಮೊದಲೇ ಕೇಳಬೇಕಾದ ಮಾತುಗಳು

ಕೆಲವು ಪದ್ಧತಿಗಳಿಗೆ ಭೇಟಿಗಳ ಲೆಕ್ಕವಿದೆ. ಘಟನೆಯ ಬಗೆಗಿನ ತಪ್ಪು ನಂಬಿಕೆಗಳನ್ನು ತಿದ್ದುವ ಒಂದು ಪದ್ಧತಿ ಸಾಮಾನ್ಯವಾಗಿ 12 ಭೇಟಿಗಳದು; ಅದನ್ನು ಘಟನೆಯ ವಿವರ ಹೇಳದೆಯೂ ನಡೆಸಬಹುದು. ನೆನಪನ್ನು ಮತ್ತೆ ಮತ್ತೆ ಎದುರಿಸುವ ಇನ್ನೊಂದರಲ್ಲಿ 8ರಿಂದ 15 ಭೇಟಿಗಳು, ಪ್ರತಿಯೊಂದೂ ಸುಮಾರು 90 ನಿಮಿಷ. ಒಂದು ಭೇಟಿಯ ಶುಲ್ಕವನ್ನು ಈ ಸಂಖ್ಯೆಯಿಂದ ಗುಣಿಸಿ ನೋಡಿದರೆ ಮನೆಯ ಖರ್ಚಿನ ಅಂದಾಜು ಸಿಗುತ್ತದೆ. ಹಣ ಸಾಲದೆ ನಡುವೆ ನಿಲ್ಲಿಸುವುದಕ್ಕಿಂತ ಮೊದಲೇ ಮಾತನಾಡುವುದು ಲೇಸು. ಭೇಟಿ ತಪ್ಪಿದರೆ ಶುಲ್ಕವೆಷ್ಟು, ರಾತ್ರಿ ಸಂಕಟವಾದರೆ ಯಾರಿಗೆ ಕರೆ ಮಾಡಬೇಕು ಎಂಬುದನ್ನೂ ಕೇಳಿಕೊಳ್ಳಬೇಕು.

2017ರ ಮಾನಸಿಕ ಆರೋಗ್ಯ ಕಾಯಿದೆ ಗೋಪ್ಯತೆಯ ಹಕ್ಕನ್ನು ನೀಡಿದೆ. ಆದರೆ ಅದಕ್ಕೂ ಮಿತಿಯುಂಟು. ಯಾರದಾದರೂ ಪ್ರಾಣಕ್ಕೆ ಅಪಾಯವಿದ್ದಾಗ ಚಿಕಿತ್ಸಕರು ಮೌನ ಮುರಿಯಬಹುದು; ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದುದು ತಿಳಿದರೆ 2012ರ ಪೋಕ್ಸೊ ಕಾಯಿದೆಯಂತೆ ದೂರು ನೀಡಲೇಬೇಕು.

ಇನ್ನೊಂದು ಮಾತು. ಚಿಕಿತ್ಸೆಯ ಆರಂಭದಲ್ಲಿ ಕನಸು, ಅಳು, ದಣಿವು ಕೆಲಕಾಲ ಹೆಚ್ಚಬಹುದು. ಹುಣ್ಣು ತೊಳೆಯುವಾಗ ಉರಿಯುವಂತೆ ಇದು. ಮುಂದಿನ ಭೇಟಿಯಲ್ಲಿ ಹೇಳಿದರೆ ಚಿಕಿತ್ಸಕರು ವೇಗ ತಗ್ಗಿಸುತ್ತಾರೆ. ಸಾಯುವ ಯೋಚನೆ ಬಂದರೆ ಮಾತ್ರ ಮುಂದಿನ ಭೇಟಿಗೆ ಕಾಯದೆ ಆ ಕ್ಷಣವೇ ನೆರವು ಕೇಳಬೇಕು. ತಿಂಗಳುಗಟ್ಟಲೆ ನಡೆದರೂ ಪ್ರಯೋಜನ ಕಾಣದಿದ್ದರೆ, ಇಲ್ಲವೆ ಚಿಕಿತ್ಸಕರ ವರ್ತನೆ ಮರ್ಯಾದೆ ಮೀರಿದ್ದರೆ, ಬೇರೊಬ್ಬರನ್ನು ಆರಿಸಿಕೊಳ್ಳುವುದು ಕೃತಘ್ನತೆಯಲ್ಲ.

ಮನೆಯವರ ಪಾತ್ರ

‘ಇವತ್ತು ಒಳಗೆ ಏನು ಹೇಳಿದೆ?’ ಎಂದು ಕೇಳದಿರುವುದೇ ಮನೆಯವರು ಮಾಡಬಹುದಾದ ದೊಡ್ಡ ಉಪಕಾರ. ಜೊತೆಯಲ್ಲಿ ಹೋಗಿ ಹೊರಗೆ ಕುಳಿತಿರಿ. ಅಂದಿನ ಅಡುಗೆಯ ಹೊಣೆಯನ್ನು ತಾವು ಹೊರಿರಿ. ಮದುವೆಮನೆಗೆ ಬರಲೊಲ್ಲದಿದ್ದರೆ ಒತ್ತಾಯಿಸಬೇಡಿ.

ಖಾಸಗಿ ಚಿಕಿತ್ಸೆ ಕೈಗೆಟುಕದವರಿಗೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳಿವೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಆ ತಾಯಿಗೆ ಯಾರಾದರೂ ಮೊದಲೇ ಇಷ್ಟು ಹೇಳಿದ್ದರೆ, ಆಕೆ ಎರಡನೆಯ ಭೇಟಿಗೂ ಹೋಗುತ್ತಿದ್ದಳೇನೋ. ನಮ್ಮ ನೆರೆಹೊರೆಯಲ್ಲಿ ಅಂತಹವರಿದ್ದರೆ ಈ ಮಾತುಗಳನ್ನು ಅವರಿಗೆ ತಲುಪಿಸೋಣ.