ವರ್ಷದ ಖಾರ: ಕೊಂಡವರಿಗೆ ಸೋವಿ, ಬೆಳೆದವರಿಗೆ ಉರಿ

ಮಾಳಮಡ್ಡಿಯ ಮಾಳಿಗೆಗಳ ಮೇಲೆ ಮೆಣಸಿನಕಾಯಿ ಹರವಿದರೆ ಬ್ಯಾಸಿಗಿ ಬಂತೆಂದೇ ಲೆಕ್ಕ. ವರ್ಷದ ಖಾರಪುಡಿಗೆ ಇದೇ ಹಂಗಾಮು. ಖಾರಕ್ಕಿಂತ ಬಣ್ಣಕ್ಕೆ ಹೆಸರಾದ ಕಾಯಿ ಜನವರಿಯಿಂದ ಮಾರ್ಚ್‌ವರೆಗೆ ಬ್ಯಾಡಗಿ ಪೇಟೆಗೆ ಚೀಲಗಟ್ಟಲೆ ಬಂದು ಬೀಳುತ್ತದೆ. ಆವಕ ಏರಿದಾಗ ದರ ಇಳಿಯುವುದು ಪೇಟೆಯ ಧರ್ಮ. ಮಳೆಗಾಲದಲ್ಲಿ ಪಾವ್ ಕಿಲೋದಂತೆ ಕೊಳ್ಳುವವರು ಶೈತ್ಯಾಗಾರದ ಬಾಡಿಗೆಯನ್ನೂ ಸೇರಿಸಿಯೇ ತೆರುತ್ತಾರೆ.

ಈ ಉಳಿತಾಯ ಬಂದದ್ದಾದರೂ ಎಲ್ಲಿಂದ? ದರ ಕುಸಿದಾಗ, 2024ರ ಮಾರ್ಚ್ 11ರಂದು, ಸಿಟ್ಟಿಗೆದ್ದ ರೈತರು ಬ್ಯಾಡಗಿಯ ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ್ದರು. ರೈತನಿಗೆ ಇಳಿದ ದರ ಗಲ್ಲಿಯ ಅಂಗಡಿಗೆ ಬರುವ ಹೊತ್ತಿಗೆ ದಾರಿ ತಪ್ಪುವುದೇ ಹೆಚ್ಚು.

ಒಂದು ಮನೆಗೆ ಚೀಲ ಹೆಚ್ಚಾದೀತು. ನಾಲ್ಕು ಮನೆಯವರು ಕೂಡಿ ಅಮರಗೋಳದ ಎಪಿಎಂಸಿ ಪೇಟೆಯಿಂದ ತಂದು ಹಂಚಿಕೊಳ್ಳಬಹುದು. ಹಸಿ ಕಾಯಿ ತೂಕಕ್ಕೆ ಭಾರ, ಕೊಂಡವರಿಗೆ ಲುಕ್ಸಾನು. ಅಲುಗಿಸಿದರೆ ಬೀಜ ಗಲಗಲ ಎನ್ನಬೇಕು. ಮುರಿದರೆ ಒಳಗೆ ಬೂಷ್ಟು ಕಾಣಬಾರದು.

“ಗೊತ್ತದರೀ, ಒಮ್ಮೆಲೇ ಅಷ್ಟು ರೊಕ್ಕ ಎಲ್ಲಿಂದ ತರೋದು?” ಎಂಬ ಬಾಡಿಗೆ ಮನೆಯವರ ಮಾತೂ ಸುಳ್ಳಲ್ಲ. ಅಂಥವರು ಯುಗಾದಿಯೊಳಗೆ ಎರಡು ಕಿಲೋ ಆದರೂ ಕೊಂಡು, ನಾಲ್ಕು ಬಿಸಿಲು ಕಾಣಿಸಿ ಕುಟ್ಟಿಸಿ, ಉಪ್ಪು-ಇಂಗು ಹಾಕಿ ಭರಣಿಗೆ ತುಂಬಿದರೆ ಶ್ರಾವಣದ ತನಕ ಅಂಗಡಿಯ ಕಡೆ ನೋಡಬೇಕಿಲ್ಲ.