ರೋಗಿಯ ಭಾರವನ್ನು ಹೊರುವವರಾರು?

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಔಷಧದ ಚಿಂತೆಯೊಡನೆ ವೆಚ್ಚದ ಚಿಂತೆಯೂ ಹೊಸ್ತಿಲೊಳಗೆ ಕಾಲಿಡುವುದು. ಐಶ್ವರ್ಯಕ್ಕೆ ಹೆಸರಾದ ಅಮೆರಿಕಾ ಸಂಯುಕ್ತ ಸಂಸ್ಥಾನದ ಸಂಸಾರಗಳೂ ಇದಕ್ಕೆ ಹೊರತಲ್ಲ. 2007ರಲ್ಲಿ ಅಲ್ಲಿ ಸುಮಾರು ನಾಲ್ಕೂವರೆ ಕೋಟಿ ಜನರಿಗೆ ಆರೋಗ್ಯವಿಮೆಯೇ ಇರಲಿಲ್ಲ. ಮರುವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ಜಾನ್ ಮೆಕೇನ್, ಬರಾಕ್ ಒಬಾಮ ಎಂಬೀರ್ವರು ಇದಕ್ಕೆ ಸೂಚಿಸಿದ ಪರಿಹಾರಗಳನ್ನು ಜೊತೆಯಲ್ಲಿಟ್ಟು ನೋಡಿದರೆ ಗೃಹಸ್ಥರೆಲ್ಲರೂ ಕಲಿಯಬಹುದಾದ ಒಂದು ಪಾಠವಿದೆಯೆಂದು ನಾವು ಭಾವಿಸುತ್ತೇವೆ.

ಆ ದೇಶದಲ್ಲಿ ದುಡಿಯುವ ವಯಸ್ಸಿನ ಬಹುಮಂದಿಗೆ ವಿಮೆಯು ಉದ್ಯೋಗದ ಮೂಲಕವೇ ದೊರೆಯುವುದು. ಮಾಲಿಕನು ತುಂಬುವ ಕಂತಿನ ಹಣಕ್ಕೆ ನೌಕರನು ಆದಾಯ ತೆರಿಗೆಯನ್ನು ಕೊಡಬೇಕಾಗಿಲ್ಲ. ಈ ವಿನಾಯಿತಿಯನ್ನು ತೆಗೆದು, ಅದಕ್ಕೆ ಬದಲಾಗಿ ಒಬ್ಬನಿಗೆ ವರ್ಷಕ್ಕೆ 2,500, ಕುಟುಂಬಕ್ಕೆ 5,000 ಡಾಲರುಗಳ ತೆರಿಗೆ ಸಹಾಯವನ್ನು ಕೊಡಬೇಕೆಂಬುದು ಮೆಕೇನರ ಯೋಜನೆ. ಪ್ರಜೆಯು ತನಗೊಪ್ಪುವ ವಿಮೆಯನ್ನು ಬೇರೊಂದು ಸಂಸ್ಥಾನದಿಂದಲಾದರೂ ಕೊಳ್ಳಲಿ, ಪೈಪೋಟಿಯಿಂದ ಬೆಲೆ ತಾನಾಗಿ ಇಳಿಯುವುದು ಎಂಬುದು ಅವರ ತರ್ಕ. ಆದರೆ ಮಾಲಿಕರ ಮೂಲಕ ದೊರೆಯುವ ಕುಟುಂಬವಿಮೆಯ ಸರಾಸರಿ ಕಂತೇ ಆಗ ವರ್ಷಕ್ಕೆ 12,000 ಡಾಲರುಗಳನ್ನು ಮೀರಿತ್ತು. ಸ್ವಂತವಾಗಿ ಕೊಳ್ಳಹೋದ ರೋಗಿಯನ್ನಾದರೋ ಕಂಪನಿಗಳು ಬಹುತೇಕ ಸಂಸ್ಥಾನಗಳಲ್ಲಿ ತಿರಸ್ಕರಿಸಬಹುದಾಗಿತ್ತು. ಅಂಥವರಿಗೆ ಸಂಸ್ಥಾನಗಳೊಡಗೂಡಿ ಪ್ರತ್ಯೇಕ ಏರ್ಪಾಡು ಮಾಡುವುದಾಗಿ ಮೆಕೇನರು ಹೇಳಿದರು.

ಒಬಾಮರ ಮಾರ್ಗ ಬೇರೆ. ರೋಗವಿದೆಯೆಂದು ಯಾರಿಗೂ ವಿಮೆಯನ್ನು ನಿರಾಕರಿಸಕೂಡದು. ದೊಡ್ಡ ಮಾಲಿಕರು ವಿಮೆಯನ್ನು ಒದಗಿಸಬೇಕು, ಇಲ್ಲವೆ ಹಣ ತೆರಬೇಕು. ಖಾಸಗಿ ವಿಮೆಗಳ ಜೊತೆಯಲ್ಲಿ ಸರಕಾರದ ವಿಮೆಯೊಂದೂ ಇರಬೇಕು ಎಂದು ಅವರು ಸಾರಿದರು. ಮಕ್ಕಳಿಗೆ ವಿಮೆ ಕಡ್ಡಾಯವೆಂದರೂ ದೊಡ್ಡವರನ್ನು ಬಲವಂತಪಡಿಸಲು ಅವರು ಆಗ ಒಪ್ಪಲಿಲ್ಲ. ಅವರದೇ ಪಕ್ಷದಲ್ಲಿ ಅವರಿಗೆ ಎದುರಾಳಿಯಾಗಿದ್ದ ಹಿಲರಿ ಕ್ಲಿಂಟನ್ನರು ಎಲ್ಲರಿಗೂ ಕಡ್ಡಾಯವಾಗಬೇಕೆಂದು ವಾದಿಸಿದ್ದರು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರಾಯಿತೆಂದು ಆರೋಗ್ಯವಂತರು ದೂರವುಳಿದರೆ, ವಿಮೆಯಲ್ಲಿ ರೋಗಿಗಳೇ ಹೆಚ್ಚಾಗಿ ಉಳಿದು, ಕಂತು ಏರುತ್ತಲೇ ಹೋಗುವುದಷ್ಟೆ.

ಗೆದ್ದ ಒಬಾಮರು 2010ನೆಯ ಮಾರ್ಚ್ 23ರಂದು ಸಹಿ ಮಾಡಿದ ಕಾಯಿದೆಯಲ್ಲಿ, ತಾವು ಹಿಂದೆ ಒಪ್ಪದ ಆ ಕಡ್ಡಾಯವೇ ಸೇರಿತ್ತು. ಅವರು ಬಯಸಿದ್ದ ಸರಕಾರಿ ವಿಮೆಯು ಬಿಟ್ಟುಹೋಗಿತ್ತು. ವಿಮೆ ಮಾಡಿಸದವರ ಮೇಲಿನ ದಂಡವನ್ನು 2017ರ ಶಾಸನವೊಂದು 2019ರಿಂದ ಸೊನ್ನೆಗಿಳಿಸಿತು. ಆದರೂ ಕಂತಿಗೆ ದೊರೆಯುವ ಸರಕಾರಿ ಸಹಾಯದಿಂದ ಬಹುಜನರು ವಿಮೆಯಲ್ಲಿ ಉಳಿದರು; ರೋಗಿಯನ್ನು ತಿರಸ್ಕರಿಸಕೂಡದೆಂಬ ನಿಯಮವೂ ಉಳಿಯಿತು.

ಇದರಿಂದ ನಮಗೆ ತೋರುವುದಿಷ್ಟು. ಆಯ್ಕೆಯ ಸ್ವಾತಂತ್ರ್ಯವೆಂಬುದೂ ಸರ್ವರಿಗೂ ರಕ್ಷಣೆಯೆಂಬುದೂ ಕಿವಿಗೆ ಇಂಪಾದ ಮಾತುಗಳೇ. ಆದರೆ ರೋಗಿಯ ಭಾರವು ಎಲ್ಲಿಯೂ ಮಾಯವಾಗುವುದಿಲ್ಲ. ಅದನ್ನು ಆತನೊಬ್ಬನೇ ಹೊರುವನು, ಇಲ್ಲವೆ ನೆರೆಹೊರೆಯ ಆರೋಗ್ಯವಂತರು, ಮಾಲಿಕರು, ತೆರಿಗೆ ಕೊಡುವವರು ಹಂಚಿಕೊಂಡು ಹೊರುವರು. ಯಾವ ದೇಶದಲ್ಲಿಯಾದರೂ ಮತ ಕೇಳಲು ಬಂದವರನ್ನು ಈ ಹಂಚಿಕೆಯ ಲೆಕ್ಕವನ್ನೇ ಮೊದಲು ಕೇಳುವುದು ವಿವೇಕ.