ಎವರೇಜ್ ಎಷ್ಟ್ ಕೊಡತೈತ್ರಿ?

ವಿಜಯಪುರದಲ್ಲಿ ಹೊಸ ಗಾಡಿ ತಂದವನಿಗೆ ಯಾರೂ ಮೊದಲು ರೇಟು ಕೇಳುವುದಿಲ್ಲ. ಗಾಂಧಿ ಚೌಕದ ಚಹಾದಂಗಡಿ ಮುಂದೆ ಕಾರು ನಿಂತದ್ದೇ ತಡ, ಗುರುತಿದ್ದವರು ಇಲ್ಲದವರು ಎಲ್ಲರದೂ ಒಂದೇ ಪ್ರಶ್ನೆ: “ಎವರೇಜ್ ಎಷ್ಟ್ ಕೊಡತೈತ್ರಿ?” ಮಾಲೀಕ ಲೀಟರಿಗೆ ಎರಡು ಕಿಲೋಮೀಟರ್ ಕೂಡಿಸಿಯೇ ಹೇಳುತ್ತಾನೆ. ಕೇಳಿದವನು ಮನಸ್ಸಿನಲ್ಲೇ ಎರಡು ಕಳೆದು ತಲೆಯಾಡಿಸುತ್ತಾನೆ. ಲೆಕ್ಕ ಸರಿಹೋಗುತ್ತದೆ.

2021ರಲ್ಲಿ ಪೆಟ್ರೋಲ್ ನೂರು ದಾಟಿತು. ಅಂದಿನಿಂದ ಬಂಕಿನಲ್ಲಿ ನೂರರ ನೋಟು ಚಾಚಿದವನಿಗೆ ಒಂದು ಲೀಟರೂ ತುಂಬುವುದಿಲ್ಲ. ಹಾಗಾಗಿ ಈ ಪ್ರಶ್ನೆಗೆ ಮೊದಲಿಗಿಂತ ತೂಕ ಬಂದಿದೆ. ಆದರೆ ಎವರೇಜ್ ಪೂರ್ತಿ ಗಾಡಿಯೇ ಕೊಡುವಂಥದ್ದಲ್ಲ. ಓಡಿಸುವವನ ಬಲಗಾಲಿಗೆ ಅದರಲ್ಲಿ ದೊಡ್ಡ ಪಾಲಿದೆ. ಉಳಿದ ಪಾಲು ಸ್ಟೇರಿಂಗಿನ ಹಿಂದೆ ಮಿನುಗುವ ಪುಟ್ಟ ದೀಪಗಳನ್ನು ಅವನು ಎಷ್ಟು ಮರ್ಯಾದೆಯಿಂದ ಕಾಣುತ್ತಾನೆ ಎಂಬುದರ ಮೇಲೆ ನಿಂತಿದೆ.

ಬೆಳಗಿನ ಜಾವ ಅಥಣಿ ರಸ್ತೆಯ ಬದಿಗೆ ಕ್ರೂಸರುಗಳು ಸಾಲುಗಟ್ಟುತ್ತವೆ. ಮುಂಗಾಜಿಗೆ ನೀರು ಚಿಮುಕಿಸಿ, ದೇವರ ಪಟಕ್ಕೆ ಊದುಬತ್ತಿ ಸುತ್ತಿಸಿ ಚಾಲಕ ಕೀ ತಿರುಗಿಸುತ್ತಾನೆ. ಕತ್ತಲ ಫಲಕದ ಮೇಲೆ ಕೆಂಪು, ಹಳದಿ ಗುರುತುಗಳು ಒಮ್ಮೆಲೇ ಹೊತ್ತಿಕೊಳ್ಳುತ್ತವೆ: ಎಣ್ಣೆ ಗಿಂಡಿ, ಬ್ಯಾಟರಿ ಡಬ್ಬಿ, ವೃತ್ತದೊಳಗಿನ ಉದ್ಗಾರ ಚಿಹ್ನೆ, ಎಂಜಿನ್ನಿನ ಆಕಾರ, ಡೀಸೆಲ್ ಗಾಡಿಯಾದರೆ ಸ್ಪ್ರಿಂಗಿನಂತೆ ಸುರುಳಿ ಸುತ್ತಿದ ತಂತಿ. ಪಳಗಿದವನು ಆಗಲೇ ಸ್ಟಾರ್ಟ್ ಹೊಡೆಯುವುದಿಲ್ಲ. ಸುರುಳಿ ಆರುವ ತನಕ ಕಾಯುತ್ತಾನೆ. ಡಿಸೆಂಬರಿನ ಚಳಿಯಲ್ಲಿ ಸಿಲಿಂಡರಿನ ಒಳಗಿನ ಗ್ಲೋ ಪ್ಲಗ್ ಕಾದು ಕೆಂಪಾಗಲು ಆ ಕೆಲವು ಸೆಕೆಂಡು ಬೇಕು. ಎಂಜಿನ್ ಶುರುವಾದ ಮೇಲೆ ಉಳಿದ ದೀಪಗಳೂ ಒಂದೊಂದಾಗಿ ಆರುತ್ತವೆ. ಅದು ಗಾಡಿ ತನ್ನನ್ನು ತಾನೇ ತಪಾಸಣೆ ಮಾಡಿಕೊಂಡು ಕೊಡುವ ವರದಿ. ಆಮೇಲೆ ‘ಬಿಸಿ ಆಗಲಿ’ ಎಂದು ಹತ್ತು ನಿಮಿಷ ನಿಂತಲ್ಲೇ ಗುರುಗುಟ್ಟಿಸುವುದು ಹಳೆಯ ಕಾರ್ಬ್ಯುರೇಟರ್ ಕಾಲದ ಚಟ. ಈಗಿನ ಎಂಜಿನ್ ಅರ್ಧ ನಿಮಿಷಕ್ಕೆಲ್ಲ ಹೊರಡಲು ತಯಾರಿರುತ್ತದೆ. ಮೊದಲ ಒಂದೆರಡು ಕಿಲೋಮೀಟರ್ ನಿಧಾನಕ್ಕೆ ಹೋದರೆ ಸಾಕು.

ಊರೊಳಗಿನ ಓಟವೇ ಎವರೇಜಿಗೆ ಮೊದಲ ಶತ್ರು. ಸಿದ್ಧೇಶ್ವರ ಗುಡಿಯ ಹಾದಿಯಲ್ಲಿ ಆಟೊ ಅಡ್ಡ, ಅದರ ಮುಂದೆ ಬಾಳೆಹಣ್ಣಿನ ತಳ್ಳುಗಾಡಿ, ಅದರ ಮುಂದೆ ಯಾವ ಅವಸರವೂ ಇಲ್ಲದ ಎಮ್ಮೆ. ಸಂಕ್ರಾಂತಿ ಜಾತ್ರೆಯ ದಿನಗಳಲ್ಲಂತೂ ಕೇಳುವುದೇ ಬೇಡ. ಎಳೆ ಹುಡುಗರು ಇಪ್ಪತ್ತು ಅಡಿ ಖಾಲಿ ಕಂಡರೆ ರೇಸ್ ಕೊಡುತ್ತಾರೆ, ಮರುಕ್ಷಣ ಬ್ರೇಕ್ ತುಳಿಯುತ್ತಾರೆ. ಹಾಗೆ ತುಳಿದಾಗಲೆಲ್ಲ ಆಗತಾನೇ ಸುಟ್ಟ ಪೆಟ್ರೋಲು ಬ್ರೇಕ್ ಪ್ಯಾಡಿನಲ್ಲಿ ಬರೀ ಬಿಸಿಯಾಗಿ ಹೋಗುತ್ತದೆ. ಪಕ್ಕದಲ್ಲೇ ಹಳೆಯ ಚಾಲಕ ಎಮ್ಮೆಯನ್ನು ದೂರದಿಂದಲೇ ನೋಡಿ ಕಾಲು ಎತ್ತಿರುತ್ತಾನೆ. ಇಬ್ಬರೂ ಒಂದೇ ಹೊತ್ತಿಗೆ ಗೋಳಗುಮ್ಮಟದ ಮುಂದೆ ಬಂದು ನಿಲ್ಲುತ್ತಾರೆ. ನಿಂತಲ್ಲೇ ಓಡುವ ಸಣ್ಣ ಕಾರಿನ ಎಂಜಿನ್ ಗಂಟೆಗೆ ಅರ್ಧದಿಂದ ಒಂದು ಲೀಟರಿನವರೆಗೆ ಕುಡಿಯುತ್ತದೆ. ರೇಲ್ವೆ ಗೇಟಿನಲ್ಲಿ, ಬೀಗರ ಮನೆ ಬಾಗಿಲಲ್ಲಿ, “ಒಂದ್ ನಿಮಿಷ ಬಂದೆ” ಎಂದು ಅಂಗಡಿಗೆ ಹೋದವನ ದಾರಿ ಕಾಯುವಾಗ ಕೀ ತಿರುಗಿಸಿ ಬಂದ್ ಮಾಡುವುದಕ್ಕೆ ಖರ್ಚೇನೂ ಇಲ್ಲ.

ಇಬ್ರಾಹಿಂ ರೋಜಾದ ಮಿನಾರುಗಳನ್ನು ಹಿಂದೆ ಬಿಟ್ಟು ಪಶ್ಚಿಮಕ್ಕೆ ಸಾಗಿದರೆ ತೊರವಿ. ಮಹಿಳಾ ವಿಶ್ವವಿದ್ಯಾಲಯದ ಕಟ್ಟಡಗಳು, ನರಸಿಂಹನ ಗುಡಿ, ಎರಡನೇ ಇಬ್ರಾಹಿಂ ಆದಿಲಶಾಹ ಕಟ್ಟಿಸಲು ಹಿಡಿದ ನೌರಸಪುರದ ಪಾಳುಗೋಡೆಗಳು. ಆದಿಲಶಾಹಿ ಕಾಲದಲ್ಲಿ ಈ ದಿಕ್ಕಿನಿಂದಲೇ ನೆಲದೊಳಗಿನ ಸುರಂಗ, ಕೊಳವೆಗಳಲ್ಲಿ ಊರಿಗೆ ನೀರು ಹರಿಯುತ್ತಿತ್ತು. ಒತ್ತಡ ಏರಿ ಕೊಳವೆ ಒಡೆಯಬಾರದೆಂದು ನಡುನಡುವೆ ಕಲ್ಲಿನ ಗಂಜ್ ಗೋಪುರಗಳನ್ನು ಎತ್ತಿದರು. ನೀರು ಅವುಗಳೊಳಗೆ ಏರಿ ಇಳಿಯುವಾಗ ಒತ್ತಡ ತಗ್ಗುತ್ತಿತ್ತು, ಹೂಳು ತಳಕ್ಕೆ ಕೂರುತ್ತಿತ್ತು. ಊರಲ್ಲಿ ಇಂದಿಗೂ ಅಂಥ ಗೋಪುರಗಳು ನಿಂತಿವೆ. ಎಂಜಿನ್ನಿನೊಳಗೂ ಇಂಥದೇ ಕೊಳವೆ ಜಾಲವಿದೆ, ಹರಿಯುವುದು ಎಣ್ಣೆ. ನೀರಿನ ಕೊಳವೆಗೆ ಒತ್ತಡ ಏರುವುದು ಅಪಾಯವಾಗಿತ್ತು, ಇಲ್ಲಿ ಇಳಿಯುವುದು ಅಪಾಯ. ಇಳಿದ ಗಳಿಗೆ ಫಲಕದ ಮೇಲೆ ಕೆಂಪು ಗಿಂಡಿ, ಅದರ ಮೂತಿಯಲ್ಲೊಂದು ಹನಿ.

ಈ ಗಿಂಡಿ ಹೊತ್ತಿಕೊಂಡಾಗ “ತಿಕೋಟಾ ಇನ್ನೇನ್ ಬಂತು, ಅಲ್ಲಿಗೆ ಹೋಗಿ ನೋಡೂಣು” ಎನ್ನುವವರೇ ಹೆಚ್ಚು. ಎಣ್ಣೆಯ ಒತ್ತಡವಿಲ್ಲದೆ ಬೇರಿಂಗು, ಕ್ರ್ಯಾಂಕು ಲೋಹಕ್ಕೆ ಲೋಹ ಉಜ್ಜಿಕೊಳ್ಳಲು ಕೆಲವೇ ನಿಮಿಷ ಸಾಕು. ರಸ್ತೆ ಬದಿಗೆ ಸರಿದು ಎಂಜಿನ್ ಬಂದ್ ಮಾಡಬೇಕು. ಸಮತಟ್ಟು ನೆಲದಲ್ಲಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದು ಒರೆಸಿ, ಮತ್ತೆ ಅದ್ದಿ ನೋಡಬೇಕು. ಎಣ್ಣೆ ಕೆಳಗಿನ ಗೆರೆಗಿಂತ ತಗ್ಗಿದ್ದರೆ ತುಂಬಿಸಬೇಕು. ಮಟ್ಟ ಸರಿಯಿದ್ದೂ ದೀಪ ಆರದಿದ್ದರೆ ಎಳೆದುಕೊಂಡು ಹೋಗುವ ಗಾಡಿ ಕರೆಸಬೇಕು. ಬೇರೆ ದಾರಿ ಇಲ್ಲ.

ತೊರವಿ ದಾಟಿದ ಮೇಲೆ ರಸ್ತೆ ಬಿಚ್ಚಿಕೊಳ್ಳುತ್ತದೆ, ಕಾಲಿಗೆ ತುರಿಕೆ ಶುರುವಾಗುತ್ತದೆ. ವಿಜಯಪುರದಿಂದ ತಿಕೋಟಾ ಇರುವುದು ಸುಮಾರು ಇಪ್ಪತ್ತು ಕಿಲೋಮೀಟರ್. ಅರವತ್ತರಲ್ಲಿ ಹೋದರೆ ಇಪ್ಪತ್ತು ನಿಮಿಷ, ತೊಂಬತ್ತರಲ್ಲಿ ಹೋದರೆ ಹದಿಮೂರು ಚಿಲ್ಲರೆ. ಉಳಿದ ಆರೇಳು ನಿಮಿಷ ಬಸ್ ಸ್ಟ್ಯಾಂಡಿನಲ್ಲಿ ಎಲೆ ಅಡಿಕೆ ಹಾಕಿಕೊಳ್ಳುವುದರಲ್ಲಿ ಹೋಗುತ್ತದೆ. ಆದರೆ ಅರವತ್ತರಿಂದ ತೊಂಬತ್ತಕ್ಕೆ ಏರಿದ ಗಾಡಿಗೆ ಎದುರಾಗುವ ಗಾಳಿಯ ತಡೆ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು. 1978ರಲ್ಲಿ ಹುಟ್ಟಿದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ಗಂಟೆಗೆ 45ರಿಂದ 55 ಕಿಲೋಮೀಟರ್ ವೇಗದಲ್ಲಿ ಓಡಿಸಿ ಎಂದು ಸಾರುತ್ತ ಬಂದಿರುವುದು ಇದಕ್ಕೇ. ಅಷ್ಟು ನಿಧಾನ ಒಲ್ಲೆ ಎನ್ನುವವರೂ ಮೇಲಿನ ಗೇರಿನಲ್ಲಿ, ಒಂದೇ ಹದದಲ್ಲಿ, ಅರವತ್ತರ ಆಸುಪಾಸು ಇಟ್ಟರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ತಿಕೋಟಾ ಸುತ್ತಿನ ನೆಲ ದ್ರಾಕ್ಷಿಯದು. ಮಾರ್ಚ್, ಏಪ್ರಿಲ್‌ನಲ್ಲಿ ಹಸಿರು ಪರದೆ ಕಟ್ಟಿದ ಶೆಡ್ಡುಗಳೊಳಗೆ ದ್ರಾಕ್ಷಿ ಅಂತಸ್ತು ಅಂತಸ್ತಾಗಿ ಒಣಗುತ್ತಿರುತ್ತದೆ. ಪಿಕಪ್ ಗಾಡಿಗಳು ಒಣದ್ರಾಕ್ಷಿಯ ಬಾಕ್ಸು ಹೇರಿಕೊಂಡು ವಿಜಯಪುರಕ್ಕೋ ಮಹಾರಾಷ್ಟ್ರದ ತಾಸಗಾಂವ, ಸಾಂಗಲಿ ಪೇಟೆಗೋ ಹೊರಡುತ್ತವೆ. ಬಿಸಿಲು ನಲವತ್ತರ ಮೇಲೆ. ಪಂಚರ್ ಅಂಗಡಿಯ ಹುಡುಗ ಟೈರಿಗೆ ಮೀಟರ್ ಹಚ್ಚಿ, “ಹವಾ ಜಾಸ್ತಿ ಆಗೇತಿ, ಬಿಡ್ಲ್ಯಾ?” ಎನ್ನುತ್ತಾನೆ. ಬಿಡಿಸಬಾರದು. ಓಡಿ ಬಂದ ಟೈರಿನೊಳಗಿನ ಗಾಳಿ ಕಾದು ಹಿಗ್ಗಿರುತ್ತದೆ. ಈಗ ಬಿಟ್ಟರೆ ನಾಳೆ ತಂಪುಹೊತ್ತಿಗೆ ಕಡಿಮೆ ಬೀಳುತ್ತದೆ. ಹವಾ ನೋಡಬೇಕಾದ್ದು ಮುಂಜಾನೆ, ಗಾಡಿ ಓಡುವ ಮುಂಚೆ. ಎಷ್ಟಿರಬೇಕು ಎಂಬುದು ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯ ಮೇಲೆ ಅಚ್ಚಾಗಿದೆ, ಹೇರು ತುಂಬಿದಾಗ ಎಷ್ಟು ಎಂಬುದೂ ಸೇರಿ. ಹವಾ ಇಳಿದ ಟೈರು ರಸ್ತೆಗೆ ಅಂಟಿಕೊಂಡು ಉರುಳುತ್ತದೆ, ಎಂಜಿನ್ ಆ ಜಿಗುಟನ್ನು ಎಳೆಯುತ್ತ ಹೆಚ್ಚು ಇಂಧನ ಸುಡುತ್ತದೆ. ಈಚಿನ ಕಾರುಗಳಲ್ಲಿ ಕುದುರೆ ಲಾಳದಂಥ ಗುರುತಿನ ನಡುವೆ ಉದ್ಗಾರ ಚಿಹ್ನೆಯಿಟ್ಟ ಹಳದಿ ದೀಪ ಇದನ್ನೇ ಹೇಳುತ್ತದೆ.

ಬಣ್ಣಗಳ ವಿಚಾರದಲ್ಲಿ ಈ ಕಡೆಯ ಮಿಸ್ತ್ರಿಗಳ ಪಾಠ ಬಲು ಸರಳ: “ಹಳದಿ ಹತ್ತಿದ್ರ ಸಂತಿ ಮುಗಿಸಿ ಬರ್ರಿ, ಕೆಂಪು ಹತ್ತಿದ್ರ ಅಲ್ಲೇ ಕುಂದರ್ರಿ.” ಇದಕ್ಕೊಂದು ತಿದ್ದುಪಡಿ ಬೇಕು. ಎಂಜಿನ್ ಆಕಾರದ ಹಳದಿ ದೀಪ ಸ್ಥಿರವಾಗಿ ಉರಿದರೆ ಸಂತೆ ಮುಗಿಸಬಹುದು. ಅದೇ ದೀಪ ಮಿಟುಕಿಸುತ್ತ ಗಾಡಿ ನಡುಗಿದರೆ ಸಿಲಿಂಡರೊಂದು ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ ಎಂದರ್ಥ. ಸುಡದ ಪೆಟ್ರೋಲು ಹೊಗೆ ಕೊಳವೆಗೆ ಹರಿದು, ಅಲ್ಲಿರುವ ತುಟ್ಟಿ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ. ಸ್ಪಾರ್ಕ್ ಪ್ಲಗ್ಗಿನಲ್ಲಿ ಮುಗಿಯಬೇಕಾದ ಬಿಲ್ಲು ಅಲ್ಲಿಗೆ ಹೋಗಿ ನಿಲ್ಲುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಮತ್ತೊಂದು ಹೊಸ ಅತಿಥಿ: ಮಸಿ ಹಿಡಿಯುವ ಫಿಲ್ಟರಿನ ದೀಪ. ಮನೆಯಿಂದ ಹೊಲ, ಹೊಲದಿಂದ ಮನೆ ಎಂದು ಮೂರ್ನಾಲ್ಕು ಕಿಲೋಮೀಟರಿನ ಓಡಾಟವೇ ಆದರೆ ಫಿಲ್ಟರ್ ತನ್ನ ಮಸಿಯನ್ನು ಸುಟ್ಟುಕೊಳ್ಳುವಷ್ಟು ಕಾಯುವುದೇ ಇಲ್ಲ. ದೀಪ ಹತ್ತಿದ ದಿನ ಸೋಲಾಪುರ ಹೆದ್ದಾರಿ ಹಿಡಿದು ಅರವತ್ತರ ಮೇಲೆ ಇಪ್ಪತ್ತು ನಿಮಿಷ ನಿಲ್ಲದೆ ಓಡಿಸಿದರೆ ಸಾಮಾನ್ಯವಾಗಿ ತಾನೇ ಆರುತ್ತದೆ. ಅಲಕ್ಷ್ಯ ಮಾಡಿದರೆ ಎಂಜಿನ್ ತಾನಾಗಿಯೇ ಶಕ್ತಿ ತಗ್ಗಿಸಿಕೊಂಡು ಮೊಂಡು ಹಿಡಿಯುತ್ತದೆ.

ವಿಜಯಪುರದಿಂದ ಬಬಲೇಶ್ವರಕ್ಕೆ ಹೋಗುವ ದಾರಿಯ ಗುಣವೇ ಬೇರೆ. ಎರಿ ಹೊಲಗಳ ನಡುವೆ ಸಾಗಿ ಸಾರವಾಡದ ಹತ್ತಿರ ಡೋಣಿ ನದಿ ದಾಟಬೇಕು. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಮಾತು ಹುಟ್ಟಿದ್ದು ಈ ಕಪ್ಪು ಮಣ್ಣಿನಲ್ಲೇ. ಮಣ್ಣು ಬಂಗಾರ, ನೀರು ಮಾತ್ರ ಸವುಳು. ಬೇಸಿಗೆಯಲ್ಲಿ ಇಲ್ಲಿ ಗಾಡಿ ಕಾದರೆ ಸಿಕ್ಕ ಬಾವಿ, ಬೋರಿನ ನೀರನ್ನು ಕೊಡದಲ್ಲಿ ತಂದು ರೇಡಿಯೇಟರಿಗೆ ಸುರಿಯುವುದು ರೂಢಿ. ಚಹಾ ಕಾಸಿದ ಪಾತ್ರೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟಿಸುವ ಅದೇ ನೀರು ರೇಡಿಯೇಟರಿನ ಸಣ್ಣ ನಾಳಗಳಲ್ಲೂ ಹಕ್ಕಳೆ ಕಟ್ಟಿಸುತ್ತದೆ. ಮುಂದಿನ ವರ್ಷ ಗಾಡಿ ಇನ್ನೂ ಬೇಗ ಕಾಯುತ್ತದೆ. ಕಂಪನಿ ಹೇಳಿದ ಕೂಲಂಟಿನ ಒಂದು ಡಬ್ಬಿ ಡಿಕ್ಕಿಯಲ್ಲಿದ್ದರೆ ಈ ತಾಪತ್ರಯವಿಲ್ಲ. ಅಲೆಗಳ ಮೇಲೆ ನಿಂತ ಥರ್ಮಾಮೀಟರಿನ ಕೆಂಪು ದೀಪ ಹತ್ತಿತೆಂದರೆ ಎಸಿ ಬಂದ್ ಮಾಡಿ, ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ ಬೇವಿನ ಮರದ ನೆರಳು ಹಿಡಿಯಬೇಕು. ಅರ್ಧ ಗಂಟೆ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಚ್ಚಬಾರದು. ಒಳಗೆ ಒತ್ತಡದಲ್ಲಿ ಕುದಿಯುವ ನೀರು ಮುಖಕ್ಕೇ ಎರಚುತ್ತದೆ.

ಮಳೆಗಾಲದಲ್ಲಿ ಇದೇ ಡೋಣಿ ಸೇತುವೆಯನ್ನು ಮುಳುಗಿಸಿ ಹರಿಯುವುದುಂಟು. ಆಗ ದಾಟಲು ಹೋಗುವುದೇ ತಪ್ಪು. ನಿಂತ ನೀರಿನಲ್ಲಿ ಗಾಡಿ ಬಂದ್ ಬಿದ್ದರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯುವುದು ಇನ್ನೂ ದೊಡ್ಡ ತಪ್ಪು. ಗಾಳಿ ಎಳೆಯುವ ಬಾಯಿಂದ ನೀರು ಸಿಲಿಂಡರಿಗೆ ಹೊಕ್ಕಿದ್ದರೆ ಅದನ್ನು ಒತ್ತಲಾರದೆ ಪಿಸ್ಟನ್ ರಾಡು ಬಾಗಿಬಿಡುತ್ತದೆ.

ಕಬ್ಬು ನುರಿಸುವ ತಿಂಗಳುಗಳಲ್ಲಿ ಬಬಲೇಶ್ವರ ರಸ್ತೆಯ ರಾಜರು ಡಬಲ್ ಟ್ರೇಲರಿನ ಟ್ರ್ಯಾಕ್ಟರುಗಳು. ಹಿಂದೆ ಕೆಂಪು ದೀಪವಿರುವುದಿಲ್ಲ, ಮುಂದೆ ಹಾಡು ಮಾತ್ರ ಜೋರು. ಕೃಷ್ಣೆಯ ನೀರಾವರಿ ಬಂದ ಮೇಲೆ ಹಬ್ಬಿದ ಈ ಕಬ್ಬಿಗೂ ಎವರೇಜಿಗೂ ನಂಟು ಬೆಳೆದಿದೆ. ಕಬ್ಬಿನಿಂದಲೂ ತೆಗೆಯುವ ಎಥೆನಾಲ್ ಈಗ ಪೆಟ್ರೋಲಿನಲ್ಲಿ ಶೇ. 20ರವರೆಗೆ ಬೆರೆಯುತ್ತದೆ. ಲೀಟರಿಗೆ ಲೀಟರ್ ಹೋಲಿಸಿದರೆ ಅದರ ಶಾಖಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಹಳೆಯ ಗಾಡಿಯ ಎವರೇಜ್ ತುಸು ಇಳಿದಿದ್ದರೆ ಮಿಸ್ತ್ರಿಯೊಂದಿಗೆ ಜಗಳಕ್ಕೆ ಬೀಳುವ ಮುಂಚೆ ಇದೂ ನೆನಪಿರಲಿ.

ಇಳಿಜಾರು ಬಂದರೆ ನ್ಯೂಟ್ರಲ್‌ಗೆ ಬಿಡುವವರು ಈ ದಾರಿಯಲ್ಲಿ ಇನ್ನೂ ಇದ್ದಾರೆ. ಇಂಜೆಕ್ಷನ್ ಎಂಜಿನ್ನಿನಲ್ಲಿ ಅದರಿಂದ ಉಳಿತಾಯವಿಲ್ಲ. ಗೇರಿನಲ್ಲಿದ್ದು ಕಾಲು ಎತ್ತಿದರೆ ಕಂಪ್ಯೂಟರು ಇಂಧನವನ್ನೇ ಕತ್ತರಿಸುತ್ತದೆ, ಚಕ್ರಗಳೇ ಎಂಜಿನ್ ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಂತೆ ಇಂಧನ ಸುರಿಯುತ್ತಲೇ ಇರಬೇಕು. ಮೇಲೆ ಹಿಡಿತವೂ ಹೋಗುತ್ತದೆ.

ಸಂಜೆ ಊರಿಗೆ ಮರಳುವಾಗ ಬ್ಯಾಟರಿಯ ಕೆಂಪು ದೀಪ ಹತ್ತಿದರೆ ಹಲವರು ಬ್ಯಾಟರಿ ಅಂಗಡಿ ಹುಡುಕುತ್ತಾರೆ. ಓಡುವ ಗಾಡಿಯಲ್ಲಿ ಅದು ಚಾರ್ಜ್ ಆಗುತ್ತಿಲ್ಲ ಎಂಬ ದೂರು. ಆಲ್ಟರ್ನೇಟರ್ ಕೆಟ್ಟಿರಬಹುದು, ಬೆಲ್ಟ್ ಹರಿದಿರಬಹುದು. ಎಷ್ಟೋ ಗಾಡಿಗಳಲ್ಲಿ ಅದೇ ಬೆಲ್ಟು ನೀರಿನ ಪಂಪನ್ನೂ ತಿರುಗಿಸುತ್ತದೆ, ಹಾಗಾಗಿ ಹಿಂದೆಯೇ ಥರ್ಮಾಮೀಟರಿನ ದೀಪವೂ ಬರುತ್ತದೆ. ಬ್ರೇಕಿನ ಕೆಂಪು ಉದ್ಗಾರ ಚಿಹ್ನೆ ಕಂಡರೆ ಮೊದಲು ಹ್ಯಾಂಡ್‌ಬ್ರೇಕ್ ನೋಡಬೇಕು. ಅದು ಇಳಿದಿದ್ದೂ ದೀಪ ಉಳಿದರೆ ಬ್ರೇಕ್ ಎಣ್ಣೆ ತಗ್ಗಿರಬಹುದು. ಅಂಥ ಗಾಡಿಯನ್ನು ಓಡಿಸಬಾರದು.

ಈಗ ದುಡ್ಡಿನ ಲೆಕ್ಕ. ತಿಕೋಟಾದಿಂದ ದಿನಾ ವಿಜಯಪುರಕ್ಕೆ ಹೋಗಿ ಬರುವವನಿಗೆ ತಿಂಗಳಿಗೆ ಸುಮಾರು ಸಾವಿರ ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಲೀಟರಿಗೆ ಹದಿನಾರು ಕೊಡುವ ಗಾಡಿ ಕಾಲಿನ ಹದದಿಂದ, ಸರಿಯಾದ ಹವಾದಿಂದ ಹದಿನೆಂಟು ಕೊಟ್ಟರೆ ಏಳು ಲೀಟರ್ ಉಳಿಯಿತು, ಅಂದರೆ ಏಳುನೂರರ ಮೇಲೆ. ವರ್ಷಕ್ಕೆ ಎಂಟು ಸಾವಿರ ದಾಟುತ್ತದೆ. ಎಣ್ಣೆ ಗಿಂಡಿಯನ್ನು ಒಮ್ಮೆ ಅಲಕ್ಷ್ಯ ಮಾಡಿ ಎಂಜಿನ್ ಬಿಚ್ಚಿಸುವಂತಾದರೆ ನಾಲ್ಕಾರು ವರ್ಷದ ಈ ಗಂಟು ಒಂದೇ ದಿನ ಗ್ಯಾರೇಜಿನಲ್ಲಿ ಕರಗುತ್ತದೆ.

ಇದು ಗೊತ್ತಿದ್ದವರು ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳಲು ಹೋದಾಗ ಎವರೇಜ್ ಕೇಳುವುದನ್ನು ಆಮೇಲಕ್ಕೆ ಇಡುತ್ತಾರೆ. ಎಂಜಿನ್ ಶುರು ಮಾಡದೆ ಬರೀ ಕೀ ತಿರುಗಿಸಿ ಫಲಕ ನೋಡುತ್ತಾರೆ. ಎಂಜಿನ್ ದೀಪ, ಎಣ್ಣೆ ದೀಪ, ಏರ್‌ಬ್ಯಾಗ್ ದೀಪ ಹತ್ತಿ, ಎಂಜಿನ್ ಶುರು ಮಾಡಿದ ಮೇಲೆ ಆರಿದರೆ ಸರಿ. ಯಾವುದಾದರೂ ಹತ್ತಲೇ ಇಲ್ಲವೆಂದರೆ ಬಲ್ಬು ಕಿತ್ತಿರಬಹುದು, ಒಳಗೆ ಕಪ್ಪು ಟೇಪು ಹಚ್ಚಿರಬಹುದು. ಅಂಥ ಗಾಡಿಯ ಮಾಲೀಕ ಎವರೇಜ್ ಇಪ್ಪತ್ತೈದು ಎಂದು ಆಣೆ ಇಟ್ಟರೂ ಮುಂಗಡ ಕೊಡಬೇಡಿ.